ದೊಡ್ಡಮ್ಮನ ರಟ್ಟಿನ ಕಿಟಕಿ

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಜನರ ಕೈಗಳನ್ನು ಮಾತ್ರ ನೋಡಿ ಬದುಕಿದವಳು. ಸಿನಿಮಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಅವಳ ಮುಂದಿದ್ದದ್ದು ಗೇಣಗಲದ ಒಂದು ಕಿಂಡಿ. ಅದರೊಳಗೆ ಒಂದು ಕೈ ಬರುತ್ತಿತ್ತು, ದುಡ್ಡು ಇಡುತ್ತಿತ್ತು, ಟಿಕೆಟ್ ತೆಗೆದುಕೊಂಡು ಹೋಗುತ್ತಿತ್ತು. ಮುಖ ನೋಡಬೇಕೆಂದರೆ ಕತ್ತು ಬಗ್ಗಿಸಿ ಮೇಜಿನ ಮೇಲೆ ಕೆನ್ನೆ ಊರಬೇಕಿತ್ತು. ಅಷ್ಟು ಪುರಸೊತ್ತು ಯಾರಿಗಿತ್ತು? ಹಾಗಾಗಿ ಊರಿನ ಅರ್ಧ ಜನ ಅವಳಿಗೆ ಪರಿಚಯ, ಆದರೆ ಮಣಿಕಟ್ಟಿನವರೆಗೆ ಮಾತ್ರ. ಹರಕು ನೋಟನ್ನು ಮಡಚಿ ಕೊಡುವ ಕೈ, ಚಿಲ್ಲರೆ ಎಣಿಸದೆ ಹೋಗುವ ಕೈ, ಕಿಂಡಿಯೊಳಗೆ ಬಂದ ಮೇಲೂ ಯಾವ ಕ್ಲಾಸು ಎಂದು ಯೋಚಿಸುವ ಕೈ, ಎಲ್ಲವೂ ಅವಳಿಗೆ ನೆನಪಿದ್ದವು. ಹತ್ತೊಂಬತ್ತು ವರ್ಷ ಪ್ರತಿ ಗುರುವಾರ ಮೂರು ಗಂಟೆ ಆಟಕ್ಕೆ ಬರುತ್ತಿದ್ದ ಒಂದು ಕೈಯಂತೂ ಮಾತೇ ಆಡುತ್ತಿರಲಿಲ್ಲವಂತೆ. ಎರಡು ಬೆರಳು ಎತ್ತುತ್ತಿತ್ತು, ದೊಡ್ಡಮ್ಮ ಕೊನೇ ಸಾಲಿನಲ್ಲಿ ಗೋಡೆ ಪಕ್ಕದ ಎರಡು ಸೀಟು ಹರಿದು ಕೊಡುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಆಟದ ಟೈಮಿಗೆ ಸರಿಹೋಗಲಿಲ್ಲ ಎಂದುಬಿಡುತ್ತಿದ್ದಳು.

ಆ ಟಾಕೀಸು ಒಂದು ದಿನ ಮುಚ್ಚಿತು. ಈಗ ಅಲ್ಲಿ ಸೋಫಾ ಮಾರುತ್ತಾರೆ. ಐವತ್ತೆರಡನೇ ವಯಸ್ಸಿಗೆ ದೊಡ್ಡಮ್ಮ ಕೆಲಸವಿಲ್ಲದೆ ಕೂತಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಮೂರನೇ ಮಹಡಿಯಲ್ಲಿ ಅವಳದೊಂದು ಬಾಡಿಗೆ ಕೋಣೆ. ಒಂದು ಒಲೆ, ಒಂದು ಮಂಚ, ಬೀದಿಗೆ ತೆರೆಯುವ ಒಂದು ಕಿಟಕಿ, ಮತ್ತು ಸ್ವಂತದ್ದೊಂದು ಬೀಗದಕೈ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಮೆಟ್ಟಿಲಿಳಿಯುವ ಗತ್ತು ನೋಡಿದರೆ ಕಟ್ಟಡವೇ ಅವಳದು ಅನ್ನಬೇಕು. ಕೂಡಿಟ್ಟದ್ದರಲ್ಲಿ ಇನ್ನು ಮೂರು ತಿಂಗಳ ಬಾಡಿಗೆ ಮಾತ್ರ ಸಾಧ್ಯವಿತ್ತು. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಕೋಣೆ ಬಿಟ್ಟು ನನ್ನ ಸೋದರಮಾವನ ಮನೆ ಸೇರಬೇಕು ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದರು. ಮಾವ ಬಹಳ ಒಳ್ಳೆಯವನು. ಕಷ್ಟ ಇರುವುದೇ ಅಲ್ಲಿ. ಅಕ್ಕ ಬರುತ್ತಾಳೆಂದು ಆಗಲೇ ಒಂದು ಕೋಣೆಗೆ ಗುಲಾಬಿ ಬಣ್ಣ ಹೊಡೆಸಿ, ಮಂಚದ ಪಕ್ಕ ಒಂದು ಹಿತ್ತಾಳೆ ಗಂಟೆ ಇಟ್ಟಿದ್ದ. ನೀರು ಬೇಕಾದರೂ ಅವಳು ಏಳಕೂಡದು, ಗಂಟೆ ಬಾರಿಸಬೇಕಂತೆ.

"ಆ ಗಂಟೆ ನೋಡಿದ್ರೆ ಇಲ್ಲದ ಕಾಯಿಲೆ ಬಂದ ಹಾಗಾಗುತ್ತೆ ಕಣೇ" ಎಂದಳು ದೊಡ್ಡಮ್ಮ ನನಗೆ. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದರ ಮರುವಾರ ಲಾಂಡ್ರಿಯ ಗಾಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿ ಅವಳ ಕಣ್ಣಿಗೆ ಬಿತ್ತು. ಆದಾಯ ತೆರಿಗೆ ರಿಟರ್ನ್ ತುಂಬುವುದನ್ನು ಕಲಿಯಿರಿ, ಎಂಟು ಭಾನುವಾರ, ಇಬ್ಬರು ಸೇರಿದರೆ ಒಬ್ಬರ ಫೀಸು. ಕೆಳಗೆ ಸಣ್ಣದಾಗಿ, ಕೊನೆಯ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ನಮ್ಮ ಕಚೇರಿಯಲ್ಲಿ ಕಾಯಂ ಕೆಲಸ, ಒಂದು ಕುರ್ಚಿ ಮಾತ್ರ. ಒಬ್ಬರ ಫೀಸಿಗೆ ಇಬ್ಬರು ಎಂದ ಮೇಲೆ ಎರಡನೆಯವಳಾಗಿ ನನ್ನ ತಲೆ ಸಿಕ್ಕಿತು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಭಾನುವಾರವೆಂದರೆ ಮಧ್ಯಾಹ್ನದವರೆಗೆ ಮಲಗುವ ದಿನವೆಂದು ನಂಬಿದವಳು. ಕೊಸರಾಡಿದೆ, ಬೈದೆ, ಕಾಲು ನೋವೆಂದೆ. ಯಾವುದಕ್ಕೂ ದೊಡ್ಡಮ್ಮ ಸೊಪ್ಪು ಹಾಕಲಿಲ್ಲ.

ತರಗತಿ ನಡೆಯುತ್ತಿದ್ದದ್ದು ಆ ಲಾಂಡ್ರಿಯ ಮೇಲಿನ ಮಹಡಿಯಲ್ಲೇ. ಕೆಳಗೆ ಬಟ್ಟೆ ಹಿಂಡುವ ಯಂತ್ರ ಜೋರಾಗಿ ತಿರುಗತೊಡಗಿದರೆ ಮೇಲೆ ನಮ್ಮ ಮೇಜುಗಳು ಗಡಗಡ ನಡುಗುತ್ತಿದ್ದವು. ಆಗ ಬರೆದ ಒಂದೆಲ್ಲ ಏಳಾಗುತ್ತಿತ್ತು. ಹಾಗಾಗಿ ಯಂತ್ರ ನಿಲ್ಲುವವರೆಗೆ ಪೆನ್ನು ಎತ್ತಿ ಹಿಡಿದುಕೊಂಡು ಕೂರಬೇಕೆಂಬುದು ಅಲ್ಲಿನ ಮೊದಲ ನಿಯಮ. ಕಲಿಸುತ್ತಿದ್ದವರು ತೆರಿಗೆ ಇಲಾಖೆಯಿಂದ ನಿವೃತ್ತರಾಗಿ ಸ್ವಂತ ಕಚೇರಿ ತೆರೆದಿದ್ದ ಒಬ್ಬ ಸಣಕಲು ಮೇಷ್ಟ್ರು. ಅವರ ಬಾಯಲ್ಲಿ ಮಾತಿಗಿಂತ ಹೆಚ್ಚು ಸಾಲುಗಳ ನಂಬರೇ ಬರುತ್ತಿತ್ತು. ಹನ್ನೊಂದನೇ ಸಾಲಿಗೆ ಬನ್ನಿ, ಹನ್ನೆರಡನೇದು ಬಿಡಿ, ಹದಿಮೂರಕ್ಕೆ ಹೋಗಿ. ಮೊದಲ ದಿನವೇ ನಾವು ಅವರಿಗೆ ಸಾಲು ಮೇಷ್ಟ್ರು ಎಂದು ಹೆಸರಿಟ್ಟೆವು. ಕಲಿಯುವವರು ಒಂಬತ್ತು ಜನ. ಅವರಲ್ಲಿ ಲೆಕ್ಕಕ್ಕೆ ಬರುವವನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಯುವಕ. ಅವನಿಗೆ ನಾವಿಟ್ಟ ಹೆಸರು ಮಾತ್ರೆ. ಡಾಕ್ಟರುಗಳ ಕೈಬರಹವನ್ನೇ ಸಲೀಸಾಗಿ ಓದುವವನಿಗೆ ಫಾರಂನ ಸಣ್ಣಕ್ಷರ ಯಾವ ಲೆಕ್ಕ? ಮೇಷ್ಟ್ರು ಪ್ರಶ್ನೆ ಮುಗಿಸುವಷ್ಟರಲ್ಲಿ ಅವನ ಉತ್ತರ ಬಂದಿರುತ್ತಿತ್ತು.

ರಿಟರ್ನ್ ಅಂದರೆ ಇಷ್ಟೇ: ವರ್ಷಕ್ಕೊಮ್ಮೆ ನೀವು ಯಾರು, ಎಷ್ಟು ಗಳಿಸಿದಿರಿ, ಅದರಲ್ಲಿ ಏನೇನು ಕಳೆಯಬಹುದು, ಸಂಬಳದಿಂದ ಮೊದಲೇ ಎಷ್ಟು ತೆರಿಗೆ ಹಿಡಿದುಕೊಂಡಿದ್ದಾರೆ ಎಂದು ಬರೆದು ಸರ್ಕಾರಕ್ಕೆ ಒಪ್ಪಿಸುವುದು. ಇದನ್ನು ಮೇಷ್ಟ್ರು ಹಲಗೆಯ ಮೇಲೆ ನಾಲ್ಕು ಸಾಲಿನಲ್ಲಿ ಬರೆದರು. ಎಲ್ಲರೂ ಹರಳೆಣ್ಣೆ ಕುಡಿದ ಮುಖ ಮಾಡಿ ಅದನ್ನು ಇಳಿಸಿಕೊಂಡೆವು. ನಾನು ಪಕ್ಕಕ್ಕೆ ತಿರುಗಿ ದೊಡ್ಡಮ್ಮನ ಪುಸ್ತಕದಲ್ಲಿ ಇಣುಕಿದರೆ ಅಲ್ಲಿ ಬೇರೆಯೇ ಇತ್ತು. ಯಾರು ಬಂದಿದ್ದಾರೆ? ಯಾವ ಕ್ಲಾಸು? ಪಾಸ್ ಇದೆಯಾ? ಅಡ್ವಾನ್ಸ್ ಬುಕಿಂಗ್ ಆಗಿದೆಯಾ? ಹೆಚ್ಚು ಹಿಡಿದ ತೆರಿಗೆ ವಾಪಸ್ ಬರುತ್ತದೆ ಎಂದು ಮೇಷ್ಟ್ರು ಹೇಳಿದಾಗ ಅವಳು ಬರೆದಳು, ಆಟ ಕ್ಯಾನ್ಸಲ್, ದುಡ್ಡು ವಾಪಸ್. ಬರೆದು ತನ್ನಷ್ಟಕ್ಕೆ ತಾನೇ ಕುಲುಕುಲು ನಕ್ಕಳು. ಮೆಟ್ಟಿಲಿಳಿಯುವಾಗಲೂ ನಗುತ್ತಿದ್ದಳು.

"ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದು ಕಣೇ ನಾನು. ಹೆಸರು ಬೇರೆ ಇಟ್ಟಿದ್ದಾರೆ ಅಷ್ಟೆ" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅವಳ ಗುದ್ದು ನಿಜಕ್ಕೂ ನೋಯುತ್ತದೆ.

ಆ ಉಬ್ಬಿನಲ್ಲೇ ಎರಡನೇ ಭಾನುವಾರ ಮುಗ್ಗರಿಸಿದಳು. ಅಭ್ಯಾಸಕ್ಕೆಂದು ಮೇಷ್ಟ್ರು ಒಂದು ಕುಟುಂಬವನ್ನು ಕೊಟ್ಟಿದ್ದರು. ಗಂಡ, ಹೆಂಡತಿ, ನಾಲ್ಕು, ಒಂಬತ್ತು ಮತ್ತು ಹದಿನಾಲ್ಕು ವರ್ಷದ ಮೂರು ಮಕ್ಕಳು. ಆಶ್ರಿತ ಮಕ್ಕಳ ಸಂಖ್ಯೆ ಎಂಬ ಸಾಲಿನಲ್ಲಿ ಎಂಟು ಜನ ಮೂರು ಎಂದು ಬರೆದೆವು. ದೊಡ್ಡಮ್ಮ ಎರಡು ಎಂದು ಬರೆದಳು. ಯಾಕೆ ಎಂದು ಮೇಷ್ಟ್ರು ಕೇಳಿದರು. ಹನ್ನೆರಡರ ಒಳಗಿನ ಎರಡು ಅರ್ಧ ಸೇರಿ ಒಂದು, ದೊಡ್ಡದು ಒಂದು, ಒಟ್ಟು ಎರಡು ಎಂದು ಅವಳು ಬೆರಳು ಮಡಚಿ ತೋರಿಸಿದಳು.

ಸಾಲು ಮೇಷ್ಟ್ರು ಚಾಕ್ ಕೆಳಗಿಟ್ಟು ಕೂತೇಬಿಟ್ಟರು. "ಅಮ್ಮಾ, ಆ ಮಕ್ಕಳು ಅರ್ಧ ಹೊಟ್ಟೆ ಊಟ ಮಾಡ್ತವಾ?"

"ಊಟ ಪೂರ್ತಿ ಸಾರ್, ಟಿಕೆಟ್ ಅರ್ಧ" ಎಂದಳು ದೊಡ್ಡಮ್ಮ ಬಹಳ ವಿನಯದಿಂದ. ಇಡೀ ಮಹಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾವತ್ತೂ ನಗದ ಮೇಷ್ಟ್ರ ಮೂಗಿನ ತುದಿ ಕೆಂಪಾಯಿತು. ಅವರ ನಗು ಅಷ್ಟೇ ಎಂದು ಆಮೇಲೆ ನಮಗೆ ಗೊತ್ತಾಯಿತು.

ಆದರೆ ನಿಜವಾದ ಆಪತ್ತು ಮೂರನೇ ವಾರ ಬಂತು. ಇಲ್ಲಿಯವರೆಗೆ ಕಾಗದದ ಮೇಲಿನ ಜನರಾಯಿತು, ಇನ್ನು ಮುಂದೆ ಒಬ್ಬರನ್ನೊಬ್ಬರು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ ಫಾರಂ ತುಂಬಬೇಕು ಎಂದರು ಮೇಷ್ಟ್ರು. ದೊಡ್ಡಮ್ಮನ ಎದುರು ಮಾತ್ರೆ ಕೂತ. ಇಡೀ ಮನುಷ್ಯ, ತಲೆಯಿಂದ ಹೊಟ್ಟೆಯವರೆಗೆ, ಮಧ್ಯೆ ಗೋಡೆಯಿಲ್ಲ, ಕಿಂಡಿಯಿಲ್ಲ. ಅವಳಿಗೆ ದಿಕ್ಕೇ ತಪ್ಪಿತು. ಅವನ ಹುಬ್ಬು ನೋಡಿದಳು, ಕಿವಿಯ ಪಕ್ಕದ ಮಚ್ಚೆ ನೋಡಿದಳು, ಶರ್ಟಿನ ಒಂದು ಗುಂಡಿ ಬೇರೆ ಬಣ್ಣದ್ದು ಎಂಬುದನ್ನೂ ಕಂಡುಹಿಡಿದಳು. ಅವನ ಸಂಬಳವನ್ನು ಮಾತ್ರ ಎರಡು ಸಲ ಕೂಡಿಸಿದಳು.  ಕೋಣೆಯ ಬೀಗ ತೆಗೆಯುವ ಮುಂಚೆ ಬೀಗದಕೈಯನ್ನು ಒಂದು ಕ್ಷಣ ಅಂಗೈಯಲ್ಲಿಟ್ಟುಕೊಂಡು ನೋಡಿದಳು. 

ಮರುದಿನ ನಾನು ಹೋದಾಗ ಅವಳು ಮೊಣಕಾಲೂರಿ ಕೂತು ಕೆಳಗಿನ ಮನೆಯವರ ಟೀವಿ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತರಕಾರಿ ಚಾಕುವಿನಿಂದ ಕೊರೆಯುತ್ತಿದ್ದಳು. ಗೇಣಗಲದ ಕಿಂಡಿ, ಮೇಲೆ ಅರ್ಧ ಚಂದ್ರದ ಹಾಗೆ ದುಂಡಗೆ. ಪೆಟ್ಟಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಹಿಂದೆ ಕೂತು, ಒಳಗಿನಿಂದ ಕೂಗಿದಳು, "ಬನ್ನಿ, ಮುಂದಿನವರು."

ಅಲ್ಲಿಂದ ಶುರುವಾಯಿತು ನಮ್ಮ ಮನೆಮಂದಿಯ ಹುಚ್ಚಾಟ. ಪ್ರತಿ ಸಂಜೆ ಅಪ್ಪ, ಅಮ್ಮ, ಕೆಳಗಿನ ಮಹಡಿಯ ಟೀಚರಮ್ಮ, ಅವರ ಮನೆಗೆ ಬಂದ ನೆಂಟರು, ಯಾರು ಸಿಕ್ಕಿದರೆ ಅವರು ಸಂಬಳದ ಚೀಟಿ ಹಿಡಿದು ರಟ್ಟಿನ ಪೆಟ್ಟಿಗೆಯ ಮುಂದೆ ಸಾಲು ನಿಲ್ಲಬೇಕಾಯಿತು. ಅಪ್ಪ ಬಗ್ಗಿ, ಬಾಲ್ಕನಿ ಎರಡು ಕೊಡಿ ಎಂದದ್ದಕ್ಕೆ ಒಳಗಿನಿಂದ ಸ್ಕೇಲಿನ ಏಟು ಬಿತ್ತು. ಕಿಂಡಿ ಸಿಕ್ಕಿದ್ದೇ ತಡ, ದೊಡ್ಡಮ್ಮನ ಲೆಕ್ಕ ನೀರು ಹರಿದಂತೆ ಹರಿಯತೊಡಗಿತು. ಅಷ್ಟೇ ಅಲ್ಲ, ಅವಳು ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಿದ್ದಳು: ಈ ವರ್ಷ ಮನೆಯಲ್ಲಿ ಏನೇನಾಯಿತು? ಮುಖ ಕಾಣದಿದ್ದರೆ ಜನ ಎಷ್ಟೊಂದು ಮಾತಾಡುತ್ತಾರೆ. ಟೀಚರಮ್ಮ ತಾನು ಸಂಜೆ ಪಾಠ ಹೇಳಿ ಗಳಿಸುವುದನ್ನು ಹೇಳಿದರು, ಅವರ ನೆಂಟರು ಬಿದ್ದು ಕಾಲು ಮುರಿದುಕೊಂಡ ಆಸ್ಪತ್ರೆ ಖರ್ಚು ಹೇಳಿದರು. ಎಲ್ಲಕ್ಕೂ ಫಾರಂನಲ್ಲಿ ಒಂದೊಂದು ಸಾಲು ಇತ್ತು. ನಾನೂ ಮೈಮರೆತು, ಐದು ತಿಂಗಳ ಹಿಂದೆಯೇ ನನ್ನ ಸಂಬಳ ಏರಿದೆಯೆಂದು ಕಿಂಡಿಯೊಳಗೆ ಒದರಿಬಿಟ್ಟೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದದ್ದು ಅಮ್ಮ. ಆ ವಿಷಯ ಮನೆಯಲ್ಲಿ ಯಾಕೆ ಹೇಳಿರಲಿಲ್ಲವೆಂದು ಇವತ್ತಿಗೂ ವಿಚಾರಣೆ ನಡೆಯುತ್ತಿದೆ.

ಆರನೇ ಭಾನುವಾರ ಕೆಳಗೆ ನಾಲ್ಕೂ ಯಂತ್ರಗಳು ಒಟ್ಟಿಗೆ ತಿರುಗುತ್ತಿದ್ದವು. ನೆಲ ಬೆಚ್ಚಗಿತ್ತು, ಸೋಪಿನ ವಾಸನೆ ಹಿತವಾಗಿತ್ತು, ನಾವೆಲ್ಲ ತೂಕಡಿಸುತ್ತಿದ್ದೆವು. ಮೇಷ್ಟ್ರು ಮಾತ್ರ ಒಂದೇ ದನಿಯಲ್ಲಿ ಹೇಳುತ್ತಾ ಹೋದರು. ಈಗ ಬಂದಿರುವ ಹೊಸ ನಿಯಮದಂತೆ ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ರಿಟರ್ನ್ ಕೊಡಬಹುದು, ಆಗ ತೆರಿಗೆ ಕಡಿಮೆ ಬೀಳುತ್ತದೆ. ವರ್ಷದ ನಡುವೆ ಅವರಲ್ಲಿ ಒಬ್ಬರು ತೀರಿಕೊಂಡಿದ್ದರೂ ಆ ಒಂದು ವರ್ಷದ ಮಟ್ಟಿಗೆ ರಿಟರ್ನ್ ಇಬ್ಬರ ಹೆಸರಲ್ಲೇ ಇರಬಹುದು. ನಾನು ಕಣ್ಣು ಬಿಟ್ಟಾಗ ದೊಡ್ಡಮ್ಮ ಪೆನ್ನು ಎತ್ತಿ ಹಿಡಿದು ಯಂತ್ರ ನಿಲ್ಲುವುದನ್ನೇ ಕಾಯುತ್ತಿದ್ದಳು. ನಿಂತ ಕೂಡಲೇ ಬರೆದಳು: ಮಧ್ಯದಲ್ಲಿ ಎದ್ದು ಹೋದರೂ ಆಟ ಮುಗಿಯುವವರೆಗೆ ಸೀಟು ಅವರದೇ. ಇದೆಂಥ ಬರಹ ಎಂದು ನಾನು ಅಣಕಿಸಿದೆ. ಅವಳು ಅದರ ಕೆಳಗೊಂದು ಗೆರೆ ಎಳೆದಳು.

ಎಂಟನೇ ಭಾನುವಾರ ಪರೀಕ್ಷೆ. ಬೀದಿಯ ನಿಜವಾದ ಜನ ತಮ್ಮ ಕಾಗದಪತ್ರ ಹಿಡಿದು ಬರುತ್ತಾರೆ, ನಾವು ಪುಕ್ಕಟೆಯಾಗಿ ಅವರ ರಿಟರ್ನ್ ತುಂಬಬೇಕು. ಒಬ್ಬರು ತುಂಬಿದ್ದನ್ನು ಇನ್ನೊಬ್ಬ ವಿದ್ಯಾರ್ಥಿ ಅದೇ ಮನುಷ್ಯನನ್ನು ಎದುರು ಕೂರಿಸಿಕೊಂಡು ಪರಿಶೀಲಿಸಬೇಕು; ಆಮೇಲಷ್ಟೇ ಅದು ಮೇಷ್ಟ್ರ ಕೈಗೆ. ಪರಿಶೀಲನೆಗೆ ಕೊಡುವ ಮುಂಚೆ ನೀವೇ ತಿದ್ದಿಕೊಂಡ ತಪ್ಪು ಲೆಕ್ಕಕ್ಕಿಲ್ಲ, ಆಮೇಲೆ ಸಿಕ್ಕಿದ ತಪ್ಪು ನಿಮ್ಮ ತಲೆಗೆ. ಕೊನೆಗೆ ತಪ್ಪಿಲ್ಲದೆ ಉಳಿದವರಿಗೆ ಕುರ್ಚಿ. ದೊಡ್ಡಮ್ಮನ ಕೋಣೆಯ ಬಾಡಿಗೆ ಇನ್ನು ಹದಿನೈದು ದಿನಕ್ಕಿತ್ತು. ಮಾವ ಅಂದು ಬೆಳಿಗ್ಗೆಯೇ ಫೋನ್ ಮಾಡಿ, ಮಂಚಕ್ಕೆ ಯಾವ ಬಣ್ಣದ ಹೊದಿಕೆ ಇಷ್ಟ ಎಂದು ಪ್ರೀತಿಯಿಂದ ಕೇಳಿದ್ದ.

ರಟ್ಟಿನ ಕಿಟಕಿಯನ್ನು ನಾವಿಬ್ಬರೂ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆವು. ಕಂಡಕ್ಟರು ಅದಕ್ಕೂ ಒಂದು ಟಿಕೆಟ್ ಹರಿದ. ಪೂರ್ತಿಯದೋ ಅರ್ಧದ್ದೋ ಎಂದು ದೊಡ್ಡಮ್ಮ ಅವನೊಂದಿಗೆ ಜಗ್ಗಾಡಿದಳು. ಅಷ್ಟೆಲ್ಲ ಮಾಡಿ ಮಹಡಿ ಹತ್ತಿದರೆ, ಕಚೇರಿಯಲ್ಲಿ ಯಾವ ಕಿಟಕಿಯೂ ಇರುವುದಿಲ್ಲ, ಆದ್ದರಿಂದ ಇಲ್ಲೂ ಇರಕೂಡದು ಎಂದು ಮೇಷ್ಟ್ರು ಪೆಟ್ಟಿಗೆಯನ್ನು ಬಾಗಿಲ ಹೊರಗೇ ನಿಲ್ಲಿಸಿಬಿಟ್ಟರು. ದೊಡ್ಡಮ್ಮನ ಮುಖ ಸಪ್ಪಗಾಯಿತು. ಮೇಜಿನ ಮುಂದೆ ಕೂತವಳು ಪೆನ್ನು ಎತ್ತಿ ಹಿಡಿದುಕೊಂಡೇ ಇದ್ದಳು. ಕೆಳಗೆ ಆಗ ಒಂದು ಯಂತ್ರವೂ ತಿರುಗುತ್ತಿರಲಿಲ್ಲ.

ಮೊದಲು ಬಂದವರು ಒಬ್ಬ ಸಂಗೀತದ ಮೇಡಂ. ದೊಡ್ಡಮ್ಮ ಅವರ ಮೂಗುತಿಯನ್ನೇ ನೋಡುತ್ತಾ ಫಾರಂ ತುಂಬಿದಳು, ಕೂಡಿಸಿದಳು, ಕಳೆದಳು, ಕೊನೆಗೆ ಅವರು ಕಟ್ಟಬೇಕಾದ ಮೊತ್ತವನ್ನು ಓದಿದಳು. ಅದನ್ನು ಕಟ್ಟಲು ಈ ಬೀದಿಯನ್ನಷ್ಟೇ ಅಲ್ಲ, ಪಕ್ಕದ ಬೀದಿಯನ್ನೂ ಮಾರಬೇಕಿತ್ತು. ಸಂಗೀತದ ಮೇಡಂ ಕುರ್ಚಿ ಹಿಡಿದುಕೊಂಡರು. ದೊಡ್ಡಮ್ಮ ಮತ್ತೆ ಮೇಲಿನಿಂದ ನೋಡಿದರೆ, ಆದಾಯದ ಸಾಲಿನಲ್ಲಿ ಅವರ ಫೋನ್ ನಂಬರ್ ಕೂತಿತ್ತು. ಪರಿಶೀಲನೆಗೆ ಕೊಡುವ ಮುಂಚೆ ಸಿಕ್ಕಿದ್ದರಿಂದ ತಪ್ಪು ಲೆಕ್ಕಕ್ಕೆ ಬರಲಿಲ್ಲ. ಪಕ್ಕದ ಮೇಜಿನಿಂದ ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ:

"ಮುಖ ನೋಡ್ಬೇಡ ದೊಡ್ಡಮ್ಮ. ಕೈ ನೋಡು."

ನನ್ನ ಇಡೀ ಜೀವಮಾನದಲ್ಲಿ ನಾನು ಕೊಟ್ಟ ಒಂದೇ ಒಂದು ಒಳ್ಳೆಯ ಸಲಹೆ ಇದು. ಅವಳು ಕಣ್ಣನ್ನು ಮೇಜಿನ ಅಂಚಿನಿಂದ ಮೇಲೆ ಎತ್ತದೆ, ಬಂದ ಕೈಗಳೊಂದಿಗೆ ಮಾತಾಡತೊಡಗಿದಳು, ಪೆನ್ನು ಸರಾಗವಾಗಿ ಓಡಿತು. ಅಷ್ಟರಲ್ಲಿ ನಾನು ಒಬ್ಬಾತನ ಹೆಂಡತಿಯನ್ನು ಅವನ ಆಶ್ರಿತ ಮಕ್ಕಳ ಸಾಲಿಗೆ ಸೇರಿಸಿ ಪರೀಕ್ಷೆಯಿಂದ ಹೊರಬಿದ್ದಿದ್ದೆ. ಆಕೆ ಪಕ್ಕದಲ್ಲೇ ಕೂತಿದ್ದು ನನ್ನ ದುರದೃಷ್ಟ. ಹನ್ನೆರಡು ಗಂಟೆಗೆ ತಪ್ಪಿಲ್ಲದೆ ಉಳಿದವರು ಇಬ್ಬರೇ, ಮಾತ್ರೆ ಮತ್ತು ದೊಡ್ಡಮ್ಮ. ಇಬ್ಬರಿಗೂ ಒಂದೊಂದು ಕೊನೆಯ ಫಾರಂ ಎಂದರು ಮೇಷ್ಟ್ರು. ಒಬ್ಬರದನ್ನು ಇನ್ನೊಬ್ಬರು ಪರಿಶೀಲಿಸಬೇಕು. ದೊಡ್ಡಮ್ಮ ಒಬ್ಬ ಬಸ್ ಮೆಕ್ಯಾನಿಕ್ಕಿನದನ್ನು ತುಂಬಿದಳು. ಮಾತ್ರೆ ಭೂತಗನ್ನಡಿ ಹಿಡಿದವನ ಹಾಗೆ ಹುಡುಕಿದ, ಏನೂ ಸಿಗಲಿಲ್ಲ. ಅವನು ತುಂಬಿದ್ದು ವಯಸ್ಸಾದ ಒಬ್ಬರದು. ಒಂಬತ್ತೇ ನಿಮಿಷದಲ್ಲಿ ಮುಗಿಸಿ, ಅವರನ್ನು ದೊಡ್ಡಮ್ಮನ ಮುಂದಿನ ಕುರ್ಚಿಗೆ ಕಳಿಸಿಕೊಟ್ಟ.

ಇಸ್ತ್ರಿ ಮಾಡಿದ ಅಂಗಿ, ಸರಿಯಾಗಿ ಬಾಚದ ಬಿಳಿ ಕೂದಲು, ಎಲ್ಲೋ ನೋಡುವ ಕಣ್ಣು. ಇದೆಲ್ಲ ನಾನು ನೋಡಿದ್ದು. ದೊಡ್ಡಮ್ಮ ನೋಡಿದ್ದು ಮೇಜಿನ ಮೇಲೆ ಬಂದು ಕೂತ ಬಲಗೈಯನ್ನು. ಉಗುರಿನ ಸಂದಿಯಲ್ಲಿ ಒಣಗಿದ ಅಂಟು, ದಪ್ಪ ಸೂಜಿ ಒತ್ತಿ ಒತ್ತಿ ಗಟ್ಟಿಯಾದ ಹೆಬ್ಬೆರಳು. ಪುಸ್ತಕಗಳಿಗೆ ಬೈಂಡ್ ಹಾಕುವವರ ಕೈ. ಮಾತ್ರೆಯ ಲೆಕ್ಕವನ್ನು ಅವಳು ಮೇಲಿನಿಂದ ಕೆಳಗೆ ನೋಡಿದಳು. ಒಂದಂಕಿ ಆಚೀಚೆ ಇರಲಿಲ್ಲ. ಅವಳ ಭುಜ ಕುಸಿದದ್ದು ನನಗೆ ಕಂಡಿತು. ಇನ್ನು ಸಹಿ ಹಾಕುವುದೊಂದೇ ಬಾಕಿ. ಆಗ ಹಳೆಯ ಅಭ್ಯಾಸದಂತೆ ಅವಳ ಬಾಯಿಂದ ಬಂತು, "ಎಷ್ಟು ಜನ?"

ಆ ಕೈ ಎರಡು ಬೆರಳು ಎತ್ತಿತು. ಎತ್ತಿದ ಮೇಲೆ ಅವರೇ ಅದನ್ನು ನೋಡಿಕೊಂಡರು. ನಿಧಾನವಾಗಿ ಒಂದನ್ನು ಮಡಚಿದರು.

"ಗುರುವಾರ, ಮೂರು ಗಂಟೆ ಆಟ" ಎಂದಳು ದೊಡ್ಡಮ್ಮ ಆ ಬೆರಳನ್ನೇ ನೋಡುತ್ತಾ. "ಕೊನೇ ಸಾಲು, ಗೋಡೆ ಪಕ್ಕ."

ಅವರು ಬೆರಳನ್ನು ಮೇಜಿನ ಮೇಲೆ ಇಳಿಸಿದರು. ಆಮೇಲೆ, "ನೀವು ಆ ಕಿಂಡಿಯವರಾ?" ಎಂದರು.

ಹತ್ತೊಂಬತ್ತು ವರ್ಷ ವಾರಕ್ಕೊಮ್ಮೆ ಭೇಟಿಯಾದ ಇಬ್ಬರೂ ಆಗ ಮೊದಲ ಬಾರಿಗೆ ಒಬ್ಬರ ಮುಖವನ್ನೊಬ್ಬರು ನೋಡಿದರು. ದೊಡ್ಡಮ್ಮನಿಗೆ ಈ ಸಲ ಲೆಕ್ಕ ತಪ್ಪಲಿಲ್ಲ. ಈ ವರ್ಷ ಮನೆಯಲ್ಲಿ ಏನಾಯಿತು ಎಂದು ಕೇಳಿದಳು. ಅವರು ಹೇಳಿದರು. ವರ್ಷ ಶುರುವಾಗಿ ಎರಡನೇ ತಿಂಗಳು, ಒಂದು ಬೆಳಿಗ್ಗೆ, ಬೈಂಡಿಗೆ ಹಾಳೆ ಮಡಚಿಕೊಡುತ್ತಾ ಎದುರಿಗೇ ಕೂತಿದ್ದ ಹೆಂಡತಿ ಹಾಳೆಯ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲವಂತೆ. ಟಾಕೀಸು ಮುಚ್ಚಿದ ಮೇಲೂ ಇಬ್ಬರೂ ಗುರುವಾರ ಮೂರು ಗಂಟೆಗೆ ಕೆಲಸ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದರಂತೆ. ಫಾರಂನಲ್ಲಿ ಒಂಟಿ ಎಂಬ ಚೌಕದಲ್ಲಿ ಗುರುತು ಹಾಕಿದ್ದನ್ನು ದೊಡ್ಡಮ್ಮ ತೋರಿಸಿದಳು. ಮದುವೆ ಆಗಿದೆಯಾ ಎಂದು ಆ ಹುಡುಗ ಕೇಳಿದ, ಈಗ ಏನು ಹೇಳುವುದೆಂದು ತಿಳಿಯದೆ ಇಲ್ಲ ಎಂದುಬಿಟ್ಟೆ ಎಂದರು ಅವರು.

"ಆಟ ಶುರುವಾದಾಗ ಅವರಿದ್ರಲ್ಲ" ಎಂದಳು ದೊಡ್ಡಮ್ಮ. "ಮಧ್ಯದಲ್ಲಿ ಎದ್ದು ಹೋದ್ರೂ ಆಟ ಮುಗಿಯೋವರೆಗೂ ಆ ಸೀಟು ಅವರದ್ದೇ. ಬೇರೆ ಯಾರಿಗೂ ಕೊಡೋದಿಲ್ಲ. ಈ ವರ್ಷದ ಫಾರಂನಲ್ಲಿ ಅವರ ಹೆಸರೂ ಬರ್ಬೇಕು. ಹೇಳಿ, ಬರ್ಕೋತೀನಿ."

ಅವರು ಹೆಂಡತಿಯ ಹೆಸರು ಹೇಳಿದರು. ಎರಡು ಸಲ ಹೇಳಿದರು. ದೊಡ್ಡಮ್ಮನಿಗೆ ಮೊದಲ ಸಲಕ್ಕೇ ಕೇಳಿಸಿತ್ತು. ಹೊಸ ಫಾರಂನಲ್ಲಿ ಇಬ್ಬರ ಹೆಸರನ್ನೂ ಅಕ್ಕಪಕ್ಕ ಬರೆದು, ಎಲ್ಲವನ್ನೂ ಮತ್ತೆ ಕೂಡಿಸಿ ಕಳೆದರೆ, ಅವರು ಕಟ್ಟಬೇಕಾಗಿದ್ದ ತೆರಿಗೆ ಹೋಗಿ ಒಂದಿಷ್ಟು ವಾಪಸ್ ಬರುವ ಹಾಗಾಯಿತು. ಅವರು ಆ ಮೊತ್ತವನ್ನು ನೋಡಲೇ ಇಲ್ಲ. ಎರಡು ಹೆಸರಿದ್ದ ಸಾಲಿನ ಮೇಲೆ ಅಂಟು ಮೆತ್ತಿದ ಬೆರಳನ್ನು ಇಟ್ಟುಕೊಂಡು ಕೂತಿದ್ದರು. ನನಗೆ ಅಳು ಬಂತು, ಸೀನು ಬಂದವಳ ಹಾಗೆ ನಟಿಸಿದೆ.

ಮೇಷ್ಟ್ರು ಬಂದು ಎರಡೂ ಫಾರಂಗಳನ್ನು ನೋಡಿದರು. ದೊಡ್ಡಮ್ಮ ಕುರ್ಚಿ ಗೆಲ್ಲುವ ಬದಲು ಎಂಥ ಮಾತಾಡಿದಳು ಗೊತ್ತೇ? ಇದನ್ನು ನಾವಿಬ್ಬರೂ ಸೇರಿ ತಿದ್ದಿದ್ದು ಸಾರ್ ಎಂದಳು. ನನಗೆ ಅವಳ ಕುತ್ತಿಗೆ ಹಿಸುಕಬೇಕೆನಿಸಿತು. ಮಾತ್ರೆ ಎದ್ದು ನಿಂತ.

"ಇಲ್ಲ ಸಾರ್. ನಾನು ಅವರನ್ನ ಏನಾಯ್ತು ಅಂತ ಕೇಳ್ಲೇ ಇಲ್ಲ. ಮೇಡಂ ಕೇಳಿದ್ರು."

ಸಾಲು ಮೇಷ್ಟ್ರ ಮೂಗಿನ ತುದಿ ಕೆಂಪಾಯಿತು. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕಚೇರಿಗೆ ಬರಲು ಆಗುತ್ತದೆಯೇ ಎಂದು ದೊಡ್ಡಮ್ಮನನ್ನು ಕೇಳಿದರು. ಅವಳು ಹೂಂ ಅನ್ನುವುದನ್ನೂ ಮರೆತು ಸೊಂಟದ ಬೀಗದಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಪರವಾಗಿ ನಾನೇ ನಾಲ್ಕು ಸಲ ಹೂಂ ಎಂದೆ.

ಆಮೇಲಿನದನ್ನು ಹೇಗೆ ಹೇಳಲಿ? ನಮ್ಮಿಬ್ಬರ ಕಾಲೂ ನೆಲದ ಮೇಲಿರಲಿಲ್ಲ. ಮೆಟ್ಟಿಲಿಳಿಯುವಾಗ ದೊಡ್ಡಮ್ಮ ರಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲೆ ಕವುಚಿಕೊಂಡು, ಕಿಂಡಿಯಿಂದ ಕಣ್ಣು ಮಾತ್ರ ಕಾಣಿಸುತ್ತಾ, ಲಾಂಡ್ರಿಯಲ್ಲಿ ಬಟ್ಟೆಗೆ ಕಾಯುತ್ತಿದ್ದವರಿಗೆಲ್ಲ ಮುಂದಿನವರು ಬನ್ನಿ, ಮುಂದಿನವರು ಬನ್ನಿ ಎಂದು ಕೂಗಿದಳು. ಐವತ್ತೆರಡು ವರ್ಷದ ಹೆಂಗಸು. ಒಬ್ಬರಂತೂ ನಿಜಕ್ಕೂ ಎದ್ದು ಬಂದು ಸಾಲು ನಿಂತರು. ಮಾತ್ರೆ ನಮ್ಮನ್ನು ಬಸ್ ಹತ್ತಿಸಿ, ಅವಳಿಗೊಂದು ಹೊಸ ಪೆನ್ನು ಕೊಟ್ಟು ಹೋದ. ಅವನಿಗೂ ಮುಂದಿನ ವರ್ಷ ಅದೇ ಕಚೇರಿಯಲ್ಲಿ ಎರಡನೇ ಕುರ್ಚಿ ಸಿಕ್ಕಿತು. ಮಾವನಿಗೆ ಫೋನ್ ಮಾಡಿ ವಿಷಯ ಹೇಳಿದಾಗ ಅವನು ಸಂತೋಷಪಟ್ಟ, ಆಮೇಲೆ ಗುಲಾಬಿ ಬಣ್ಣ ಏನು ಮಾಡುವುದೆಂದು ಕೊರಗಿದ. ಬಣ್ಣ ಇರಲಿ, ಗಂಟೆ ಮಾತ್ರ ಕಳಿಸಿಕೊಡು ಎಂದಳು ದೊಡ್ಡಮ್ಮ. ಈಗ ಅದು ಕಚೇರಿಯಲ್ಲಿ ಅವಳ ಮೇಜಿನ ಮೇಲಿದೆ. ಒಬ್ಬರದು ಮುಗಿದ ಕೂಡಲೇ ಬಾರಿಸಿ ಇನ್ನೊಬ್ಬರನ್ನು ಕರೆಯುತ್ತಾಳೆ. ಮಕ್ಕಳನ್ನು ಪೂರ್ತಿಯಾಗಿಯೇ ಎಣಿಸುತ್ತಾಳೆ.

ಮರುವರ್ಷ ನನ್ನ ರಿಟರ್ನ್ ತುಂಬಿಸಲು ನಾನೂ ಅಲ್ಲಿ ಸಾಲಿನಲ್ಲಿ ಕೂತಿದ್ದೆ, ಈ ಸಲ ಅಮ್ಮನನ್ನು ಕರೆದುಕೊಂಡು ಹೋಗಿರಲಿಲ್ಲ. ಅಂದು ಗುರುವಾರ. ಮೂರು ಗಂಟೆಯಾಗುತ್ತಿತ್ತು. ದೊಡ್ಡಮ್ಮ ಗಂಟೆ ಬಾರಿಸಿದಳು, ನನ್ನ ಮುಂದಿದ್ದ ಬೈಂಡಿನವರು ಎದ್ದು ಮೇಜಿನ ಹತ್ತಿರ ಹೋದರು. ಕೂದಲು ಈ ಸಲ ಸರಿಯಾಗಿ ಬಾಚಿತ್ತು. ದೊಡ್ಡಮ್ಮ ಪ್ರಶ್ನೆ ಕೇಳುವ ಮೊದಲೇ ಅವರು ಕೈ ಮುಂದೆ ಮಾಡಿ ಒಂದು ಬೆರಳು ಎತ್ತಿದರು. ಅವಳು ಆ ಬೆರಳನ್ನು ನೋಡಿದಳು, ಆಮೇಲೆ ಅವರ ಮುಖ ನೋಡಿದಳು.

"ಗೋಡೆ ಪಕ್ಕನೇ ಅಲ್ವಾ?" ಎಂದಳು.

ಅವರು ನಕ್ಕು, ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಕೂತರು.